ದಿನಕ್ಕೆರಡು ನಿಮಿಷ ಹಿಂದೆ

ಬರ್ಮಿಂಗ್‌ಹ್ಯಾಮಿನ ವೈಸ್ ಸ್ಟ್ರೀಟು.
ಹಸಿರು ಬಟ್ಟೆಯ ಮೇಲೆ ಎರಡು ಗಡಿಯಾರ.
ಒಂದು ಹೋದ ತಿಂಗಳು ಡಬ್ಬಿಯೊಡೆದು ಬಂದದ್ದು,
ಐದು ವರ್ಷ ಗ್ಯಾರಂಟಿ,
ಮುನ್ನೂರು ಮೀಟರ್ ನೀರಿನಡಿಯೂ ಉಸಿರಾಡುತ್ತದಂತೆ.
(ನಾನು ಈಜುಕೊಳದಲ್ಲಿ ಸೊಂಟದ ನೀರು ದಾಟಿದವಳಲ್ಲ.)
ಇನ್ನೊಂದು ನನಗಿಂತ ಒಂದು ವರ್ಷ ದೊಡ್ಡದು,
ಮುಖ ಹಾಲು ಹೆಚ್ಚಾದ ಚಹಾದ ಬಣ್ಣ,
ಆರರ ಪಕ್ಕ ಒಂದು ಮಚ್ಚೆ.

ಕ್ಲೈವ್ ಟ್ರಾಂಟರ್ ಮುಚ್ಚಿಡುವ ಪೈಕಿಯಲ್ಲ.
'ಮುಳ್ಳು ಎರಡೂ ಬದಲಾಗಿವೆ, ಬ್ಯಾಬ್,
ತಿರುಪು ಬೇರೆಯದು, ಗಾಜು ಬೇರೆಯದು,
ಯಾರೋ ತಿಕ್ಕಿ ತಿಕ್ಕಿ ಅಂಚು ಸವೆಸಿದ್ದಾರೆ.
ದಿನಕ್ಕೆರಡು ನಿಮಿಷ ಹಿಂದೆ ಬೀಳುತ್ತೆ.'
ಈ ಊರಲ್ಲಿ ಎಲ್ಲರಿಗೂ ಎಲ್ಲರೂ ಬ್ಯಾಬ್.
ಬಂದ ಹೊಸತರಲ್ಲಿ ಬಸ್ ಡ್ರೈವರ್ ಹಾಗಂದಾಗ ಸಿಡುಕಿದ್ದೆ;
ಈಗ ಯಾರಾದರೂ ಅನ್ನದಿದ್ದರೆ ಏನೋ ಕೊರತೆ.

'ಹಾಗಾದರೆ ಹಳೆಯದು ಅಂತ ಉಳಿದಿರುವುದೆಲ್ಲಿ?'
ಅವನು ಮಾತಾಡದೆ ಅದನ್ನು ನನ್ನ ಕಿವಿಗೆ ಹಿಡಿದ.

ಮೂವತ್ತೊಂದು ವರ್ಷ ಈ ಮಣಿಕಟ್ಟು ಬರಿದು.
ಹೆರಿಗೆ ವಾರ್ಡಿನ ಕಟ್ಟಳೆ: ಮೊಣಕೈ ಕೆಳಗೆ
ಬಳೆಯಿಲ್ಲ, ದಾರವಿಲ್ಲ, ವಾಚಂತೂ ಇಲ್ಲವೇ ಇಲ್ಲ.
ಎದೆಗೆ ಪಿನ್ನು ಚುಚ್ಚಿ ತೂಗುಬಿಟ್ಟ ಏಳು ಪೌಂಡಿನದು,
ನೋಡುವವರಿಗೆ ತಲೆಕೆಳಗು, ನನಗೆ ನೇರ.
ಕೂಸುಗಳೂ ಹಾಗೇ ಬರುತ್ತಿದ್ದವು,
ಲೋಕಕ್ಕೆ ಉಲ್ಟಾ, ತಾಯಿಗೆ ಸರಿ.

ಎಷ್ಟು ನಿಮಿಷಗಳನ್ನು ಬರೆದಿದ್ದೇನೆ ಈ ಕೈಯಲ್ಲಿ!
ಬೆಳಗಿನ ಜಾವ ೩:೪೭.
ಮರುದಿನ ಲೆಸ್ಟರಿನಿಂದ ಹಂಸಾಬೆನ್ ಫೋನು:
'ಸಿಸ್ಟರ್, ನಲವತ್ತೇಳೋ ನಲವತ್ತೊಂಬತ್ತೋ?
ಎರಡು ನಿಮಿಷಕ್ಕೆ ಲಗ್ನವೇ ಬದಲು ಅಂತಾರೆ ನಮ್ಮ ಜೋಶಿ.'
ನಾನು ನೋಡಿದ್ದು ಎದೆಯನ್ನೋ, ಗೋಡೆಯನ್ನೋ?
ನಾಲ್ಕನೇ ಕೋಣೆಯ ಗೋಡೆ ಗಡಿಯಾರ ಮುಂದೋಡುವುದು
ಎಲ್ಲರಿಗೂ ಗೊತ್ತಿತ್ತು, ಯಾರೂ ಏಣಿ ತರಲಿಲ್ಲ.
'ನಲವತ್ತೇಳು' ಅಂದೆ, ದನಿ ಗಟ್ಟಿಮಾಡಿ.
ಆ ಹುಡುಗನಿಗೀಗ ಇಪ್ಪತ್ತೆರಡು.
ಶನಿ ಯಾವ ಮನೆಯಲ್ಲಿ ಬಿಡಾರ ಹೂಡಿದ್ದಾನೋ,
ಪಾಪವೋ ಪುಣ್ಯವೋ, ನನ್ನ ಖಾತೆಗೆ.

ಕ್ಲೈವ್ ಹೊಸದನ್ನು ಕಟ್ಟಿದ.
ತಣ್ಣಗೆ, ತೂಕವಾಗಿ, ಹೇಳಿ ಮಾಡಿಸಿದ ಹಾಗೆ ಕೂತಿತು.
ನಿಜ ಹೇಳಬೇಕೆಂದರೆ ಆಸೆಯಾಯಿತು.
'ಕೀ ಕೊಡುವ ಗೋಜಿಲ್ಲ. ಕೈ ಆಡುತ್ತಿದ್ದರೆ ತಾನೇ ನಡೆಯುತ್ತೆ.'
'ಆಡದಿದ್ದರೆ?'
'ಮೂರು ದಿನಕ್ಕೆ ನಿಲ್ಲುತ್ತೆ.'

ಅಲ್ಲೇ ಏನೋ ಕಚ್ಚಿತು.
ನಾನು ಓಡುತ್ತಿದ್ದರಷ್ಟೇ ಬದುಕುವ ಇನ್ನೊಂದು ಜೀವವೇ?
ಗಂಟೆ ಬಡಿಯಿತು ಓಡು, ರಕ್ತ ತಾ ಓಡು,
ಆರಿದ ಚಹಾ ಆರಿಯೇ ಇರಲಿ ಓಡು.
ನಿವೃತ್ತಿಯ ದುಡ್ಡಲ್ಲಿ ಮತ್ತೊಬ್ಬ ಮೇಲ್ವಿಚಾರಕಿಯನ್ನು ಕೊಳ್ಳಲೆ,
ಸೋಫಾದಲ್ಲಿ ಕಾಲು ಚಾಚಿದರೆ ಮುನಿಸಿಕೊಳ್ಳುವವಳನ್ನು?

ಹಳೆಯದಕ್ಕೆ ಬೇಕಾದ್ದು
ಬೆಳಗಿಗೊಮ್ಮೆ ಹೆಬ್ಬೆರಳು, ತೋರುಬೆರಳು, ಇಪ್ಪತ್ತೈದು ಸುತ್ತು.
ಆಮೇಲೆ ನಾನು ಕದಲದಿದ್ದರೂ ಅದರ ಪಾಡಿಗೆ ಅದು.
ಬೆನ್ನು ತಿರುವಿ ನೋಡಿದೆ. ಹೆಸರು ಸವೆದು
'ಇಪ್ಪತ್ತೈದು ವರ್ಷದ ಸೇವೆಗೆ' ಅನ್ನುವುದಷ್ಟೇ ಉಳಿದಿದೆ.
ಯಾವ ಕಾರ್ಖಾನೆಯೋ, ಯಾವ ಪುಣ್ಯಾತ್ಮನೋ.
ನಮ್ಮ ವಾರ್ಡು ನನಗೆ ಕೊಟ್ಟದ್ದು ನಿಂಬೆ ಕೇಕು,
ಸಹಿ ತುಂಬಿದ ಕಾರ್ಡು,
ಅದರಲ್ಲಿ ನನ್ನ ಹೆಸರಿನ ಸ್ಪೆಲಿಂಗು ತಪ್ಪು.

'ಆ ಎರಡು ನಿಮಿಷ ಸರಿಮಾಡಿಸಿ ಕೊಡಲೆ?'
'ಬೇಡ, ಇರಲಿ ಬಿಡಿ' ಅಂದೆ.
ಚೌಕಾಸಿ ಮಾತ್ರ ಬಿಡಲಿಲ್ಲ:
ಬದಲಾದ ಮುಳ್ಳುಗಳ ಹೆಸರಲ್ಲಿ ನೂರು ಪೌಂಡು ಇಳಿಸಿದೆ,
ಚರ್ಮದ ಪಟ್ಟಿ ಪುಕ್ಕಟೆ.
ನನ್ನ ಕೈ ತೆಳುವೆಂದು ಕ್ಲೈವ್ ನಗುತ್ತ
ಇನ್ನೊಂದು ತೂತು ಹೊಡೆದ.

ಬಸ್ ಸ್ಟಾಪಿನಲ್ಲಿ ಒಬ್ಬ ಹುಡುಗ ಟೈಮ್ ಕೇಳಿದ.
ನನ್ನ ಗದ್ದ ತಾನಾಗಿ ಎದೆಗೆ ಬಾಗಿತು,
ಕೋಟಿನ ಮೇಲೆ ಬರೀ ಗುಂಡಿ.