ಇನ್ನೊಂದು ತುದಿ

ಸ್ಕೋರು ಬರೆಯುವವನು ನಾನು.
ದಾವಣಗೆರೆ ಹೈಸ್ಕೂಲ್ ಮೈದಾನ, ಬೇವಿನ ಕೆಳಗೆ ಕಬ್ಬಿಣದ ಕುರ್ಚಿ,
ಒಂದು ಕಾಲು ಗಿಡ್ಡ. ಅದಕ್ಕೆ ಚಪ್ಪಲಿ ಒತ್ತು ಕೊಟ್ಟು
ಹನ್ನೊಂದು ವರ್ಷ ಹಾಲೇಶನ ರನ್ನು ಬರೆದೆ.

ಹೋದ ಮಾಘದಿಂದ ಅವನ ಸಾಲಿನಲ್ಲಿ
ನಾಲ್ಕು, ಸೊನ್ನೆ, ಹನ್ನೊಂದು, ಸೊನ್ನೆ, ಎರಡು.
ಫಾರಂ ಹೋಯ್ತು ಅಂದರು,
ಹರಿಹರದ ಬಸ್ಸಿನಲ್ಲಿ ಕೊಡೆ ಬಿಟ್ಟು ಬಂದವನಿಗೆ ಹೇಳುವ ಹಾಗೆ.

ಎಲ್ಲರೂ ಅವನ ಮೈಯನ್ನೇ ತಡಕಿದರು.
ಮೊಣಕೈ ಇಳಿದಿದೆ ಅಂದರು ಪಿ.ಟಿ. ಮೇಷ್ಟ್ರು,
ಎಡಗಾಲು ತಡ ಅಂದ ಕ್ಯಾಪ್ಟನ್ ಶಿವಯೋಗಿ.
ಹಿಡಿಕೆಗೆ ಹೊಸ ರಬ್ಬರು ಬಂತು, ಆಮೇಲೆ ಬ್ಯಾಟೇ ಹೊಸದು.
ಅವನವ್ವ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು,
ಘಾಟು ಬರಲಿಲ್ಲವಂತೆ, ಹಾಗಾದರೆ ದೃಷ್ಟಿಯೇ.
ಕಣ್ಣಿನ ಡಾಕ್ಟರು ಮಾತ್ರ
ದೃಷ್ಟಿ ಸರಿಯಿದೆ ಎಂದು ಚೀಟಿ ಕೊಟ್ಟರು.

ಒಂದು ರಾತ್ರಿ ಹಳೆಯ ಪುಸ್ತಕಗಳನ್ನೆಲ್ಲ ಹರಡಿಕೊಂಡು ಕೂತೆ.
ಹೇಗೆ ಔಟಾದ, ಬರೆದಿದೆ.
ಯಾರು ಹಿಡಿದರು, ಯಾರ ಎಸೆತಕ್ಕೆ, ಬರೆದಿದೆ.
ಆಗ ಇನ್ನೊಂದು ತುದಿಯಲ್ಲಿ ನಿಂತಿದ್ದವರು ಯಾರು?
ಅದಕ್ಕೆ ಅಂಕಣವಿಲ್ಲ. ಅಚ್ಚು ಹಾಕಿದವನಿಗೆ ತೋಚಿಲ್ಲ,
ಗೆರೆ ಎಳೆದುಕೊಳ್ಳಲು ನನಗೂ.
ಚುಕ್ಕೆ ಎಣಿಸಿ, ಒಂಟಿ ರನ್ನು ಎಣಿಸಿ, ತುದಿ ಬದಲಾದದ್ದು ಎಣಿಸಿ
ಬೆಳಗಿನ ಜಾವಕ್ಕೆ ಸಿಕ್ಕಿತು:
ಹಾಲೇಶ ಐವತ್ತು ದಾಟಿದ ಹದಿನೇಳು ಸಲದಲ್ಲಿ
ಹದಿನಾಲ್ಕು ಸಲ ಅಲ್ಲಿದ್ದವನು ದಾದಾಪೀರ್.

ದಾದಾಪೀರ್. ಆರನೆಯ ನಂಬರು. ಅತಿ ಹೆಚ್ಚು ಇಪ್ಪತ್ಮೂರು.
ಮಂಡಕ್ಕಿ ಭಟ್ಟಿಯಿಂದ ನೇರ ಬರುತ್ತಿದ್ದ,
ಕಿವಿಯ ಸಂದಿಯಲ್ಲಿ ಹೊಟ್ಟಿನ ಕರಿ, ಕೈಯಲ್ಲಿ ಯಾರದೋ ಬ್ಯಾಟು.
ಹಾಲೇಶನಿಗೆ ಆಗದ ಆ ಎಡಗೈ ಸ್ಪಿನ್ನರ್ ಬಂದರೆ
ಇಡೀ ಓವರು ತಾನೇ ಎದೆಗೊಟ್ಟು ಆಡುತ್ತಿದ್ದ.
ಪುಸ್ತಕದಲ್ಲಿ ಅದು ಆರು ಚುಕ್ಕೆ.
ಚೆಂಡು ಬ್ಯಾಟಿಗೆ ತಗಲುವ ಮೊದಲೇ ಅವನ ಕಾಲು ಹೊರಟಿರುತ್ತಿತ್ತು,
ಹೂಂ ಅಂದರೆ ಹೂಂ, ಬ್ಯಾಡ ಅಂದರೆ ಬ್ಯಾಡ.
ಓವರಿನ ನಡುವೆ ಪಿಚ್ಚಿನ ಮಧ್ಯಕ್ಕೆ ಬಂದು
ಏನೋ ಹೇಳಿ ಹೋಗುತ್ತಿದ್ದ. ದೊಡ್ಡ ತಂತ್ರವೆಂದು
ನಾವೆಲ್ಲ ತಿಳಿದಿದ್ದೆವು.

ಏನು ಹೇಳ್ತಿದ್ದನೋ, ಎಂದು ಹಾಲೇಶನನ್ನು ಕೇಳಿದೆ.
ನಕ್ಕ. ‘ಭಟ್ಟಿ ಹಿಂದೆ ನಾಯಿ ಮರಿ ಹಾಕೈತಲೇ,
ಐದು, ಒಂದಕ್ಕೆ ಬಾಲ ಇಲ್ಲ.
ಅಷ್ಟೇ. ಕಡೇ ಮ್ಯಾಚಿನಾಗ ಹೇಳಿದ್ದು.’
ಸ್ವಲ್ಪ ಹೊತ್ತು ಬಿಟ್ಟು,
‘ಅದನ್ನ ಕೇಳಿದ ಮ್ಯಾಲೆ ಚೆಂಡು ದೊಡ್ಡದು ಕಾಣ್ತಿತ್ತು’ ಅಂದ.

ಆರನೆಯ ನಂಬರಿಗೆ ಸಿಕ್ಸರ್ ಹೊಡೆಯುವವನು ಬೇಕೆಂದು
ಶಿವಯೋಗಿ ತನ್ನ ಅಕ್ಕನ ಮಗನನ್ನು ತಂದಿದ್ದ.
ದಾದಾಪೀರನ ಸರಾಸರಿ ಎಷ್ಟು, ಎಂದು ಕೇಳಿದ್ದ.
ಒಂಬತ್ತು.
ಭಾಗಿಸಿ ಕೊಟ್ಟವನು ನಾನೇ,
ಶೇಷವನ್ನೂ ಬಿಡದೆ.

ಶನಿವಾರ ಭಟ್ಟಿಗೆ ಹೋದೆ.
ಕಾದ ಮರಳಿಗೆ ಅಕ್ಕಿ ಸುರಿದ, ಸೌಟು ಒಂದು ಸುತ್ತು,
ಬಾಣಲೆ ತುಂಬ ಬಿಳಿ.
ಜರಡಿ ಹಿಡಿದ. ಅರಳಿದ್ದೆಲ್ಲ ಗೋಣಿಗೆ,
ಮರಳು ಮತ್ತೆ ಬೆಂಕಿಯ ಮೇಲಕ್ಕೆ.
ತಪ್ಪಾಯ್ತು ಅನ್ನಲು ಹೋದವನು
ಎರಡು ಸೇರು ಕಟ್ಟಿಕೊಡು ಅಂದೆ.
ದುಡ್ಡು ಮುಟ್ಟಲಿಲ್ಲ.
‘ಹಾಲೇಶ ಎಷ್ಟು ಹೊಡ್ದ?’
ಎರಡು.
ಜರಡಿ ನಿಂತಿತು. ಮತ್ತೆ ಅಲ್ಲಾಡಿತು.
‘ಬಾಲ ಇಲ್ಲದ್ದು ಈಗ ಭಟ್ಟಿ ಕಾಯ್ತೈತಿ,
ಅಂತ ಹೇಳು ಅವನಿಗೆ.’

ಹೇಳಿದೆ. ಭಾನುವಾರ ಪ್ಯಾಡು ಕಟ್ಟಿಕೊಳ್ಳುವಾಗ.
ಹತ್ತೊಂಬತ್ತು ಹೊಡೆದ, ಅದರಲ್ಲಿ ಒಂದು ಕವರ್ ಡ್ರೈವ್
ಬೇವಿನ ಬುಡಕ್ಕೆ ಬಂದು ನನ್ನ ಚಪ್ಪಲಿಗೆ ತಾಗಿತು, ಕುರ್ಚಿ ವಾಲಿತು.
ಆಮೇಲೆ ರನ್ನೌಟ್.
ಹೊಸ ಹುಡುಗ ಬಾ ಎಂದು ಕರೆದು, ಅರ್ಧ ದಾರಿಯಲ್ಲಿ
ಹೋಗು ಅಂದಿದ್ದ.

ಹಾಲೇಶನ ಹೆಸರಿನ ಮುಂದೆ ರನ್ನೌಟ್ ಎಂದು ಬರೆದೆ.
ಅಂಚಿನ ಖಾಲಿ ಜಾಗದಲ್ಲಿ, ಪೆನ್ಸಿಲ್ಲಿನಲ್ಲಿ,
ಎದುರು ತುದಿಯವನ ಹೆಸರನ್ನೂ.