ಪೊರೆ

ಮೊದಲ ಮೂರು ಪದರ ಗಾಜಿನಂತೆ ಕೂತಿತ್ತು.
ನಾಲ್ಕನೆಯದಕ್ಕೆ ಬೆಳ್ಳಗೆ ಒಂದು ಉಸಿರು,
ಕನ್ನಡಿಗೆ ಯಾರೋ ಹಾ ಎಂದು ಊದಿದ ಹಾಗೆ,
ಮುಚ್ಚಳದ ಕೆಳಗೆ, ಅಕ್ಕಿಕಾಳಿನಷ್ಟು.
ಒರೆಸಿದೆ. ಹೋಗಲಿಲ್ಲ.
ಅದು ಮೇಲಿರಲಿಲ್ಲ, ಒಳಗಿತ್ತು.

ಹಗಲು ನನಗೆ ಬೈತಖೋಲದಲ್ಲಿ ಟ್ರಾಲರಿನ ಶಾಫ್ಟು,
ಆಳೆತ್ತರದ ಕಬ್ಬಿಣ, ಕಿವಿ ಕಿತ್ತುಹೋಗುವ ಲೇತು.
ರಾತ್ರಿ ಕೋಡಿಬಾಗದ ಹಿಂಗೋಣೆಯಲ್ಲಿ
ಹೊಲಿಗೆಯಂತ್ರದ ಮೋಟರು ಕೂಡಿಸಿದ ಗಿಡ್ಡ ಲೇತು,
ಬೆರಳುದ್ದದ ಮರ, ಮತ್ತು
ತೊಟ್ಟುತೊಟ್ಟಾಗಿ ಇಳಿಸುವ ತೆಳು ಸೂಪರ್‌ಗ್ಲೂ.
ಒಂದು ತೊಟ್ಟು ಹೆಚ್ಚಾದರೆ
ಪೆನ್ನಿನ ಜೊತೆ ಹೆಬ್ಬೆಟ್ಟೂ ಮಾರಾಟ.

ತಪ್ಪು ಯಾರದೆಂದು ಹುಡುಕಹೊರಟೆ.
ಮೊದಲು ಗಾಳಿಯನ್ನು ಹಿಡಿದೆ. ಕಾರವಾರದಲ್ಲಿ
ಯಾವ ಕೇಸಿಗೂ ಮೊದಲ ಆರೋಪಿ ಗಾಳಿಯೇ:
ಉಪ್ಪಿನ ಡಬ್ಬಿ ನೀರಾದದ್ದು, ಬೆಂಕಿಕಡ್ಡಿ ಮುನಿದದ್ದು,
ಹಪ್ಪಳ ಸದ್ದಿಲ್ಲದೆ ಮುರಿದದ್ದು.
ಕಿಟಕಿ ಮುಚ್ಚಿ, ಬಲ್ಬು ಉರಿಸಿ, ಕೋಣೆಯನ್ನೇ ಒಣಹಾಕಿದೆ.
ಮತ್ತೆ ಬೆಳ್ಳಗೆ.
ಆಮೇಲೆ ನನ್ನ ಅವಸರವನ್ನು. ಬೇಗ ಬಿಗಿಯಲೆಂದು ಹೊಡೆದ ಸ್ಪ್ರೇ
ಅಂಟನ್ನು ಕುದಿಸಿಬಿಡುತ್ತದೆ, ನೊರೆ ಒಳಗೇ ಸಾಯುತ್ತದೆ.
ಸ್ಪ್ರೇ ಬಿಟ್ಟೆ. ಪದರಕ್ಕೆ ಒಂದು ಬೀಡಿಯ ಹೊತ್ತು ಕಾದೆ.
ಬೀಡಿ ಮುಗಿದವು. ಬಿಳುಪು ಮುಗಿಯಲಿಲ್ಲ.

ಶಿರಸಿಯ ಪರಶುರಾಮ ಗುಡಿಗಾರನಿಗೆ ಫೋನು ಹಚ್ಚಿದರೆ
ಅವನು ಅಂಟಿನ ಸುದ್ದಿಯನ್ನೇ ಎತ್ತಲಿಲ್ಲ.
“ಮರ ಯಾವುದು?” ಅಂದ.
“ಮಾವು.”
“ಎಲ್ಲಿಯದು?”
ನಾನು ಸುಮ್ಮನಾದೆ.

ಪಾತಿಯದು. ಸುಗಂಧಿ ಹರಿಕಂತ್ರ ತಂದುಕೊಟ್ಟ ಬದಿಹಲಗೆ.
ಅವಳಪ್ಪ ಸುಕ್ರು ಮೂವತ್ತು ವರ್ಷ ಅಳಿವೆ ದಾಟಿಸಿದ ದೋಣಿ
ಸೀಳಾಗಿ ಒಲೆಗೆ ಹೋಗುವಾಗ ಉಳಿದದ್ದು ಅಷ್ಟೇ.
ಮೀನು ಮಾರುವ ಹೆಂಗಸರ ಸೊಸಾಯಿಟಿಗೆ ಅವಳೀಗ ಸೆಕ್ರೆಟರಿ;
ಸೋಮವಾರ ಮೊದಲ ಚೆಕ್ಕು. ಸಹಿಗೆ ಈ ಪೆನ್ನೇ ಬೇಕು.

ಆಗ ಮೂಗಿಗೆ ಬಂತು. ಇಷ್ಟು ದಿನ ಕಣ್ಣಲ್ಲೇ ಹುಡುಕಿದ್ದೆ.
ಮರ ಬಿಸಿಯಾದಾಗ ಏಳುತ್ತಿದ್ದ ತಾರ್ಲೆ ಎಣ್ಣೆ:
ವರ್ಷ ವರ್ಷ ದೋಣಿ ಬೋರಲು ಹಾಕಿ, ಹಳೆ ಲುಂಗಿಯ ಚಿಂದಿಯಲ್ಲಿ
ಸುಕ್ರು ಉಜ್ಜಿ ಉಜ್ಜಿ ಕುಡಿಸಿದ್ದು,
ನೀರು ಒಳಗೆ ಬರಬಾರದೆಂದು.
ನೀರಿಗೆ ಬಾಗಿಲು ಹಾಕಿಕೊಂಡ ಮರ
ನನ್ನ ಅಂಟಿಗೂ ತೆಗೆಯಲಿಲ್ಲ.

ಗೊತ್ತಾದ ಮೇಲೂ ಸೋಮಾರಿತನಕ್ಕೆ ಒಂದು ಉಪಾಯ ಹೊಳೆಯಿತು.
ಶನಿವಾರ ಅವಳು ಬಂದಾಗ ಹಾಗೆಯೇ ಕೈಗಿಟ್ಟು ಅಂದೆ:
“ನೋಡು, ಕಾಳಿ ಹೊಳೆಯ ಬೆಳಗಿನ ಮಂಜು.
ಅಪ್ಪನ ದೋಣಿ ಅದರೊಳಗೇ ಹೊರಟಿದೆ.”
ಸುಗಂಧಿ ಬುಟ್ಟಿ ಇಳಿಸಿ, ಬಂಗಡೆಯ ಕಿವಿರು ನೋಡುವ ಹಾಗೆ
ಪೆನ್ನನ್ನು ಬೆಳಕಿಗೆ ತಿರುವಿದಳು.
“ಇನಾಸ ಮೇಸ್ತ್ರಿ, ಇದು ಪೊರೆ.
ಅಪ್ಪನಿಗೂ ಎರಡು ಕಣ್ಣಿಗೆ ಬಂದಿತ್ತು, ಆಗ ದುಡ್ಡಿರಲಿಲ್ಲ.
ಇದಕ್ಕೆ ಕೊಡ್ತೇನೆ. ತೆಗೀರಿ.”

ಪೊರೆ ಎಂದರೆ ಕಾಯುವುದೂ ಹೌದು, ಎನ್ನಬಹುದಿತ್ತು.
ಮೀನು ಮಾರುವವಳ ಎದುರು
ಹಳಸಿದ್ದನ್ನು ತಾಜಾ ಎನ್ನುವ ಧೈರ್ಯ
ಒಂದೇ ಸಲಕ್ಕೆ ಮುಗಿದಿತ್ತು.

ಭಾನುವಾರ ಇಗರ್ಜಿ ತಪ್ಪಿಸಿದೆ.
ಉಳಿಯ ಬಾಯಿಗೆ ಹನ್ನೆರಡು ಪದರವೂ
ತೆಂಗಿನ ತುರಿಯ ಹಾಗೆ ಉದುರಿದವು. ಬರಿ ಮರ.
ಮಗಳ ಉಗುರುಬಣ್ಣ ಅಳಿಸುವ ನೀರಲ್ಲಿ
ಒರೆಸಿದೆ, ಬಟ್ಟೆ ಹಳದಿ; ಒರೆಸಿದೆ, ಹಳದಿ;
ಏಳನೆಯ ಚಿಂದಿ ಬೆಳ್ಳಗೇ ಉಳಿಯಿತು.
ಈಗ ಬಿಳುಪು ಅಲ್ಲಿರಬೇಕಾದದ್ದು.
ತೆಳುವಾಗಿ ಒಂದು ಪದರ. ಕಾದೆ.
ಇನ್ನೊಂದು.

ಸೋಮವಾರ ಒಂಬತ್ತಕ್ಕೆ ಅವಳು ಮುಚ್ಚಳ ತಿರುಗಿಸಿ
ಹಳೆ ಮೊಳೆಯ ತುಕ್ಕಿನ ಕಲೆಯವರೆಗೂ ಇಣುಕಿ ನೋಡಿದಳು.
ಮೂಸಿದಳು.
“ವಾಸನೆ ಹೋಯ್ತು” ಅಂದಳು,
ಒಳ್ಳೆಯದಾಯಿತು ಅಂತಲೋ ಅಲ್ಲವೋ ತಿಳಿಯಲಿಲ್ಲ.
ಇಪ್ಪತ್ತು ರೂಪಾಯಿ ಚೌಕಾಸಿ ಮಾಡಿಯೇ ಹೋದಳು.