ಒಳಂಚು

ಗುತ್ತಲು ರಸ್ತೆಯಲ್ಲಿ ಬೋರಲಿಂಗ
ಕಾರಿನಡಿಗೆ ಕೈ ತೂರಿಸಿ, ಕಣ್ಣು ಮುಚ್ಚಿ
ಎಡಟೈರಿನ ಒಳಂಚು ಸವರಿದ.
ಬೆರಳಿಗೆ ತಂತಿ.

'ನಡುವೆ ಸವೆದಿದ್ರೆ ಗಾಳಿ ಜಾಸ್ತಿ ಅನ್ಬೋದಿತ್ತು,
ಎರಡೂ ಅಂಚು ಹೋಗಿದ್ರೆ ಕಮ್ಮಿ.
ಇದು ಒಂದೇ ಮಗ್ಗುಲು.
ಎಲ್ಲೋ ಗುಂಡೀಗ್ ಬಿಟ್ಟವ್ರೆ ಕಣ್ ಸಾ.'

ನಾನು ಇವಳತ್ತ ನೋಡಿದೆ.
ಹೋದ ಯುಗಾದಿಗೆ ಕಲಿತವಳು,
ಗೇರಿಗೊಂದು ಬೈಗುಳ ತಿಂದವಳು.

'ಮೊನ್ನೆಮೊನ್ನೇದಲ್ಲ ಇದು.
ಎರಡು ವರ್ಷದ ಸವಕಲು.'

ಪಾಂಡವಪುರದಿಂದ ಬರುವಾಗ
ಕತ್ತಲು, ಕೈಯಲ್ಲಿ ಫೋನು, ಢಬ್ಬೆಂದ ಸದ್ದು.
ಇಳಿದೂ ನೋಡಿರಲಿಲ್ಲ ನಾನು.

ಅವಳು ಕಬ್ಬಿನ ಲಾರಿ ಎಣಿಸುತ್ತ ನಿಂತಿದ್ದಳು.

'ಬಗ್ಗಿರೋ ರಾಡ್ ಬದಲಾಯ್ಸಿ
ಅಲೈನ್‌ಮೆಂಟ್ ಮಾಡ್ಕೊಡ್ತೀನಿ.
ಈ ಟೈರ್ ಮಾತ್ರ ಗುಜರಿಗೆ.'

ಮನೆಗೆ ಅವಳೇ ಓಡಿಸಿದಳು.
ಹೊಳಲು ಸರ್ಕಲ್ಲಿನಲ್ಲಿ ಗೇರು ಕಿರುಗುಟ್ಟಿತು.
ನಾನು ಕಿಟಕಿಯಾಚೆ ನೋಡಿದೆ.